ಆಫ್ರಿಕಾದ ಅದಿರು, ಜೋಯಿಡಾದ ಕಾಡು

ಮುಂಡಗೋಡ ತಾಲ್ಲೂಕಿನ ಅತ್ತಿವೇರಿ ಎಂದರೆ ಹೊರಗಿನವರಿಗೆ ಪಕ್ಷಿಧಾಮ. ಜಲಾಶಯದ ದಂಡೆಯ ಮೇಲೆ ದುರ್ಬೀನು ಹಿಡಿದು ನಿಂತವರಿಗೆ ಚಮಚಕೊಕ್ಕಿನ ಹಕ್ಕಿಗಳೂ ನೀರುಕಾಗೆಗಳೂ ಕಾಣಸಿಗುತ್ತವೆ. ನನ್ನ ಮಟ್ಟಿಗೆ ಅದು ಸೋದರಮಾವನ ಊರು. ಎಂಬತ್ತು ದಾಟಿರುವ ಮಾಮ ಈಗಲೂ ದಿನಪತ್ರಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬಿಡದೆ ಓದುವವರು. ಹೋದ ಸಲ ನಾನು ಹೋದಾಗ ಪತ್ರಿಕೆಯ ಒಂದು ಮಡಿಕೆಯನ್ನು ಎತ್ತಿಟ್ಟುಕೊಂಡೇ ಕಾಯುತ್ತಿದ್ದರು. ಉಕ್ಕಿನ ಕಾರ್ಖಾನೆಗಳಿಗೆ ಬೇಕಾದ ಮ್ಯಾಂಗನೀಸ್ ಅದಿರನ್ನು ಭಾರತ ದಕ್ಷಿಣ ಆಫ್ರಿಕಾ ಮತ್ತು ಗ್ಯಾಬನ್ ದೇಶಗಳಿಂದ ತರಿಸಿಕೊಳ್ಳುತ್ತಿದೆ ಎಂಬ ಸುದ್ದಿ ಅದರಲ್ಲಿತ್ತು.

'ಅಲ್ಲೋ ತಮ್ಮಾ, ನಮ್ಮ ಜೋಯಿಡಾದ ಗುಡ್ಡದಾಗ ಬೇಕಾದಷ್ಟು ಕರಿಕಲ್ಲು ಐತಿ. ಅದನ್ನ ಬಿಟ್ಟು ಹಡಗಿನ ಮ್ಯಾಲೆ ಆಫ್ರಿಕಾದಿಂದ ಯಾಕ ತರಸ್ತಾರು?'

ಈ ಪ್ರಶ್ನೆಯನ್ನು ಕೇಳುವ ಅಧಿಕಾರ ಅವರಿಗಿತ್ತು. ಹರೆಯದಲ್ಲಿ ಅವರು ಆಗಿನ ಸೂಪಾ ತಾಲ್ಲೂಕಿನ, ಅಂದರೆ ಇಂದಿನ ಜೋಯಿಡಾದ, ಮ್ಯಾಂಗನೀಸ್ ಗಣಿಗಳಿಂದ ದಾಂಡೇಲಿಗೆ ಅದಿರಿನ ಲಾರಿ ಓಡಿಸುತ್ತಿದ್ದವರು. ಭಾರತದಲ್ಲಿ ಫೆರೊ ಮ್ಯಾಂಗನೀಸ್ ಉದ್ಯಮ ತಲೆಯೆತ್ತಿದ 1950ರ ದಶಕದಲ್ಲೇ ದಾಂಡೇಲಿಯಲ್ಲೂ ಅಂಥದೊಂದು ಕಾರ್ಖಾನೆ ಸ್ಥಾಪನೆಯಾಗಿತ್ತು. ದಾಂಡೇಲಿ ಎಂದೊಡನೆ ಕಾಗದದ ಗಿರಣಿಯನ್ನೇ ನೆನೆಯುವವರಿಗೆ ಈ ಕುಲುಮೆಯ ನೆನಪು ಕಡಿಮೆ. ಅದು ಮುಚ್ಚಿ ದಶಕಗಳೇ ಕಳೆದವು. ಕಾಡಿನೊಳಗಿನ ಗಣಿಗಳೂ ಒಂದೊಂದಾಗಿ ನಿಂತವು. ಮಾಮನ ಮನೆಯ ಹಿತ್ತಿಲ ಬಾಗಿಲಿಗೆ ಒತ್ತಾಗಿ ಇಟ್ಟಿರುವ, ಗಾತ್ರಕ್ಕೆ ಮೀರಿದ ತೂಕದ ಕರಿಕಲ್ಲೊಂದು ಮಾತ್ರ ಆ ಕಾಲದಿಂದ ಉಳಿದು ಬಂದಿದೆ.

ಅವರ ಪ್ರಶ್ನೆಗೆ ಅಂದು ನಾನು ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಈ ಲೇಖನ ಆ ಉತ್ತರವನ್ನು ಇನ್ನೊಮ್ಮೆ ಹೇಳುವ ಪ್ರಯತ್ನ.

ಮೊದಲು ಆ ಕಲ್ಲಿನ ಮಹಿಮೆಯನ್ನಿಷ್ಟು ಹೇಳಬೇಕು. ಉಕ್ಕು ಎಂದರೆ ಕಬ್ಬಿಣ ಮತ್ತು ಇಂಗಾಲದ ಮಿಶ್ರಣ ಎಂದು ಶಾಲೆಯಲ್ಲಿ ಓದಿದ್ದೇವೆ. ಅದು ಪೂರ್ತಿ ನಿಜವಲ್ಲ. ಕರಗಿದ ಕಬ್ಬಿಣದಲ್ಲಿ ಅಳಿದುಳಿದ ಗಂಧಕವು ಕಬ್ಬಿಣದೊಡನೆ ಸೇರಿ ಅದರ ಹರಳುಗಳ ಸಂದಿನಲ್ಲಿ ನಿಲ್ಲುತ್ತದೆ. ಕಾಯಿಸಿ ತಟ್ಟುವಾಗ ಆ ಸಂದಿನ ಪದರ ಮೊದಲು ಕರಗಿ, ಲೋಹ ಒಡೆದ ರೊಟ್ಟಿಯಂತೆ ಬಿರಿಯುತ್ತದೆ. ಮ್ಯಾಂಗನೀಸ್ ಬೆರೆಸಿದರೆ ಅದು ಗಂಧಕವನ್ನು ತಾನೇ ಕಟ್ಟಿಹಾಕುತ್ತದೆ, ಹೆಚ್ಚುವರಿ ಆಮ್ಲಜನಕವನ್ನು ಸೆಳೆದುಕೊಳ್ಳುತ್ತದೆ, ಮೇಲಾಗಿ ಉಕ್ಕಿಗೆ ಗಟ್ಟಿತನ ಕೊಡುತ್ತದೆ. 1856ರಲ್ಲಿ ಹೆನ್ರಿ ಬೆಸಿಮರ್ ಪ್ರಕಟಿಸಿದ ಹೊಸ ವಿಧಾನದ ಉಕ್ಕು ಮೊದಮೊದಲು ಬಳಕೆಗೆ ಬಾರದೆ ಹೋದಾಗ, ಮ್ಯಾಂಗನೀಸ್ ಇರುವ ಕಬ್ಬಿಣವನ್ನು ಬೆರೆಸಿ ಅದನ್ನು ಉಳಿಸಿದವನು ರಾಬರ್ಟ್ ಮಶೆಟ್. ಪೇಟೆಂಟಿನ ಹಣ, ಕೀರ್ತಿ ಹೆಚ್ಚಾಗಿ ಬೆಸಿಮರನ ಪಾಲಾದದ್ದು ಬೇರೆ ಕಥೆ. 1882ರಲ್ಲಿ ರಾಬರ್ಟ್ ಹ್ಯಾಡ್‌ಫೀಲ್ಡ್ ಶೇ 12ರ ಆಸುಪಾಸು ಮ್ಯಾಂಗನೀಸ್ ಇರುವ ಉಕ್ಕನ್ನು ತಯಾರಿಸಿದ. ಪೆಟ್ಟು ಬಿದ್ದಷ್ಟೂ ಗಟ್ಟಿಯಾಗುವ ಈ ಉಕ್ಕನ್ನು ರೈಲುಹಳಿಗಳು ಒಂದನ್ನೊಂದು ದಾಟುವ ಜಾಗದಲ್ಲಿ ಇಂದಿಗೂ ಬಳಸುತ್ತಾರೆ.

ಸಾಮಾನ್ಯ ಉಕ್ಕಿಗೆ ಟನ್ನೊಂದಕ್ಕೆ ಆರರಿಂದ ಒಂಬತ್ತು ಕಿಲೋ ಮ್ಯಾಂಗನೀಸ್ ಸಾಕು. ಅಲ್ಪ ಎನಿಸಬಹುದು. ಆದರೆ ಈ ಕೆಲಸಕ್ಕೆ ಅದರ ಬದಲು ಬಳಸಬಹುದಾದ ಇನ್ನೊಂದು ವಸ್ತುವನ್ನು ಲೋಹಶಾಸ್ತ್ರ ಈವರೆಗೂ ಕಂಡುಕೊಂಡಿಲ್ಲ. ವರ್ಷಕ್ಕೆ ಸುಮಾರು 15 ಕೋಟಿ ಟನ್ ಉಕ್ಕು ತಯಾರಿಸುವ ಭಾರತದಂಥ ದೇಶಕ್ಕೆ ಆ ಅಲ್ಪವೇ ಹತ್ತು ಲಕ್ಷ ಟನ್ನಿನ ಆಸುಪಾಸಿಗೆ ಬರುತ್ತದೆ. ಅದೂ ಶುದ್ಧ ಲೋಹದ ಲೆಕ್ಕ, ಅದಿರಿನದಲ್ಲ.

ಇಷ್ಟು ಬೇಕಾದದ್ದು ನಮ್ಮಲ್ಲಿ ಇರಲಿಲ್ಲವೆ? ಇತ್ತು. ಅಷ್ಟೇ ಅಲ್ಲ, ಒಂದು ಕಾಲದಲ್ಲಿ ಜಗತ್ತಿಗೆ ಹಂಚುವಷ್ಟಿತ್ತು. ಶೀತಲ ಸಮರದ ಬಿಸಿಯಲ್ಲಿ ಸೋವಿಯತ್ ಒಕ್ಕೂಟ ಅಮೆರಿಕಕ್ಕೆ ಮ್ಯಾಂಗನೀಸ್ ಕಳಿಸುವುದನ್ನು 1949ರ ಹೊತ್ತಿಗೆ ಬಹುಮಟ್ಟಿಗೆ ನಿಲ್ಲಿಸಿಬಿಟ್ಟಾಗ, ಅಮೆರಿಕದ ಉಕ್ಕಿನ ಕುಲುಮೆಗಳು ಕಣ್ಣೆತ್ತಿ ನೋಡಿದ್ದು ಭಾರತದತ್ತ. 1951ರಲ್ಲಿ ಬರದಿಂದ ಕಂಗೆಟ್ಟಿದ್ದ ನಮಗೆ 20 ಲಕ್ಷ ಟನ್ ಧಾನ್ಯ ಕೊಳ್ಳಲು 19 ಕೋಟಿ ಡಾಲರ್ ಸಾಲ ಕೊಡುವ ಕಾಯ್ದೆ ಅಮೆರಿಕದ ಕಾಂಗ್ರೆಸ್ಸಿನ ಮುಂದೆ ಬಂತು. ಆಗ, ಸಾಲಕ್ಕೆ ಬದಲಾಗಿ ಭಾರತ ಮ್ಯಾಂಗನೀಸಿನಂಥ ಯುದ್ಧೋಪಯೋಗಿ ವಸ್ತುಗಳನ್ನು ಕೊಡಲಿ ಎಂಬ ಮಾತು ಅಲ್ಲಿ ಜೋರಾಗಿಯೇ ಎದ್ದಿತ್ತು. ಗೋಧಿ ಕೇಳಿದವರ ಮುಂದೆ ಕರಿಕಲ್ಲಿನ ತಕ್ಕಡಿ ಹಿಡಿದರು ಎನ್ನಬಹುದು. ನಾಗಪುರ, ಬಾಲಾಘಾಟ್, ಒಡಿಶಾ, ಸಂಡೂರು, ನಮ್ಮ ಸೂಪಾ, ಎಲ್ಲೆಡೆ ಗಣಿಗಳು ಚುರುಕಾದ ಕಾಲ ಅದು. ಒಳ್ಳೆಯ ದರ್ಜೆಯ ಅದಿರನ್ನೇ ಆರಿಸಿ, ಕಲ್ಲಿನ ರೂಪದಲ್ಲೇ ಹಡಗಿಗೆ ತುಂಬಿದೆವು.

ಇಂದು ತಕ್ಕಡಿ ತಿರುಗಿದೆ. 2018ರಲ್ಲಿ ಜಪಾನನ್ನು ಹಿಂದಿಕ್ಕಿ ಭಾರತ ಜಗತ್ತಿನ ಎರಡನೆಯ ಅತಿ ದೊಡ್ಡ ಉಕ್ಕು ತಯಾರಕ ದೇಶವಾಯಿತು. 2017ರ ರಾಷ್ಟ್ರೀಯ ಉಕ್ಕು ನೀತಿ 2030-31ರ ವೇಳೆಗೆ 30 ಕೋಟಿ ಟನ್ ಸಾಮರ್ಥ್ಯದ ಗುರಿ ಹಾಕಿಕೊಂಡಿದೆ. ಮ್ಯಾಂಗನೀಸಿನ ದೊಡ್ಡ ಉತ್ಪಾದಕನಾದ, ನಾಗಪುರದ ಸರ್ಕಾರಿ ಸಂಸ್ಥೆ 'ಮಾಯಿಲ್' 2024-25ರಲ್ಲಿ ತೆಗೆದ ದಾಖಲೆಯ ಉತ್ಪನ್ನ 18 ಲಕ್ಷ ಟನ್. ದೇಶದ ಎಲ್ಲ ಗಣಿಗಳನ್ನು ಕೂಡಿಸಿದರೂ ನಾವು ತೆಗೆಯುವುದಕ್ಕಿಂತ ತರಿಸುವುದೇ ಹೆಚ್ಚು. ಉಳಿದಿರುವ ಅದಿರಿನಲ್ಲಿ ಬಹುಪಾಲು ಕೆಳದರ್ಜೆಯದು. ಸಂಡೂರಿನ ಮ್ಯಾಂಗನೀಸಿನಲ್ಲಿ ರಂಜಕ ಕಡಿಮೆ, ಅದು ಅದರ ಗುಣ. ಕಬ್ಬಿಣ ಹೆಚ್ಚು, ಅದು ಅದರ ದೋಷ. ಫೆರೊ ಮ್ಯಾಂಗನೀಸ್ ಮಾಡಲು ಅದಿರಿನಲ್ಲಿ ಮ್ಯಾಂಗನೀಸಿನ ಪ್ರಮಾಣ ಕಬ್ಬಿಣದ ಹಲವು ಪಟ್ಟು ಇರಬೇಕು. ಆದ್ದರಿಂದ ಹೊರಗಿನ ಉತ್ತಮ ಅದಿರನ್ನು ಊರಿನ ಅದಿರಿನೊಡನೆ ಬೆರೆಸದೆ ಕುಲುಮೆಯ ಲೆಕ್ಕ ಕೂಡುವುದಿಲ್ಲ.

ಇಲ್ಲೊಂದು ವಿಚಿತ್ರವನ್ನೂ ಗಮನಿಸಬೇಕು. ಹೀಗೆ ತರಿಸಿದ ಅದಿರೆಲ್ಲ ನಮ್ಮ ಉಕ್ಕಿಗೇ ಸೇರುವುದಿಲ್ಲ. ಅದರ ಒಂದು ಪಾಲು ಸಿಲಿಕೊ ಮ್ಯಾಂಗನೀಸ್ ಎಂಬ ಮಿಶ್ರಲೋಹವಾಗಿ ಮತ್ತೆ ಹಡಗು ಹತ್ತುತ್ತದೆ. ಆ ಸರಕಿನ ದೊಡ್ಡ ರಫ್ತುದಾರ ದೇಶಗಳ ಸಾಲಿನಲ್ಲಿ ಭಾರತವೂ ಇದೆ. ಒಂದು ಟನ್ ಸಿಲಿಕೊ ಮ್ಯಾಂಗನೀಸಿಗೆ ಸುಮಾರು 4,000 ಯೂನಿಟ್ ವಿದ್ಯುತ್ ಬೇಕು. ಹಾಗಾಗಿ ನಾವು ಅದಿರನ್ನು ಆಮದು ಮಾಡಿ, ಕಲ್ಲಿದ್ದಲು ಸುಟ್ಟು ಮಾಡಿದ ವಿದ್ಯುತ್ತನ್ನು ಅದರೊಳಗೆ ತುಂಬಿ ಮಾರುತ್ತಿದ್ದೇವೆ. 'ಅವಲಂಬನೆ' ಎಂಬ ಒಂದೇ ಪದದಲ್ಲಿ ಈ ವ್ಯವಹಾರವನ್ನೆಲ್ಲ ಹಿಡಿಯಲು ಸಾಧ್ಯವಿಲ್ಲ.

ಮ್ಯಾಂಗನೀಸ್ ನಮ್ಮಲ್ಲಿ ಸ್ವಲ್ಪವಾದರೂ ಇದೆ. ನಿಕ್ಕಲ್ ಅಷ್ಟೂ ಇಲ್ಲ. ಒಡಿಶಾದ ಸುಕಿಂದಾ ಕಣಿವೆಯ ಕ್ರೋಮೈಟ್ ಗಣಿಗಳ ಮೇಲ್ಮಣ್ಣಿನಲ್ಲಿ ಅದು ಇರುವುದು ಗೊತ್ತಿದ್ದರೂ ವಾಣಿಜ್ಯ ಮಟ್ಟದಲ್ಲಿ ತೆಗೆಯುವುದು ಕೈಗೂಡಿಲ್ಲ. ಸ್ಟೇನ್‌ಲೆಸ್ ಸ್ಟೀಲಿನ ಶ್ರೇಷ್ಠ ದರ್ಜೆ ಎನಿಸಿಕೊಂಡ ಮಾದರಿಯಲ್ಲಿ ಶೇ 18ರಷ್ಟು ಕ್ರೋಮಿಯಂ, ಶೇ 8ರಷ್ಟು ನಿಕ್ಕಲ್ ಇರುತ್ತದೆ. ಕ್ರೋಮಿಯಂ ನಮ್ಮದು, ನಿಕ್ಕಲ್ ಪರದೇಶದ್ದು. ಈ ಕೊರತೆಗೆ ನಮ್ಮ ಉದ್ಯಮ ಕಂಡುಕೊಂಡ ಉಪಾಯ ಜಾಣತನದ್ದೇ: ನಿಕ್ಕಲ್ಲಿನ ಬಹುಪಾಲನ್ನು ಕಳೆದು, ಆ ಜಾಗಕ್ಕೆ ಮ್ಯಾಂಗನೀಸ್ ಹಾಕಿದ ಅಗ್ಗದ ದರ್ಜೆಗಳನ್ನು ಮನೆಮನೆಗೆ ತಲುಪಿಸಿತು. ನಮ್ಮ ಅಡುಗೆಮನೆಯ ತಾಟು, ಲೋಟ, ಚರಿಗೆಗಳಲ್ಲಿ ಬಹಳಷ್ಟು ಈ ಜಾತಿಯವು. ಪಾತ್ರೆ ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು, 'ಅಂಟಲಿಲ್ಲ ನೋಡಿ, ಒಳ್ಳೇ ಸ್ಟೀಲು' ಎನ್ನುವ ವ್ಯಾಪಾರಿಯ ಪರೀಕ್ಷೆಯಲ್ಲಿ ಎರಡೂ ಪಾಸಾಗುತ್ತವೆ.

ನಿಕ್ಕಲ್ ಎಂಥ ಚಂಚಲ ವಸ್ತು ಎಂಬುದನ್ನು 2022ರ ಮಾರ್ಚ್ 8ರಂದು ಜಗತ್ತು ಕಂಡಿತು. ರಷ್ಯಾ ಉಕ್ರೇನಿನ ಮೇಲೆರಗಿದ ಎರಡು ವಾರದೊಳಗೆ ಲಂಡನ್ ಲೋಹ ಮಾರುಕಟ್ಟೆಯಲ್ಲಿ ಅದರ ಬೆಲೆ ಟನ್ನಿಗೆ ಒಂದು ಲಕ್ಷ ಡಾಲರ್ ದಾಟಿ, ಮಾರುಕಟ್ಟೆಯೇ ವ್ಯಾಪಾರ ನಿಲ್ಲಿಸಿ ಆ ದಿನದ ವಹಿವಾಟನ್ನು ರದ್ದು ಮಾಡಬೇಕಾಯಿತು. ಅದಕ್ಕೂ ಮುನ್ನ, 2020ರ ಜನವರಿಯಿಂದ ಇಂಡೊನೇಷ್ಯಾ ನಿಕ್ಕಲ್ ಅದಿರಿನ ರಫ್ತನ್ನೇ ನಿಷೇಧಿಸಿತ್ತು. ಬೇಕಾದವರು ಇಲ್ಲಿಗೇ ಬಂದು ಕುಲುಮೆ ಹಾಕಿ ಎಂಬುದು ಅದರ ನಿಲುವು. ಚೀನಾ 2025ರ ಫೆಬ್ರುವರಿಯಲ್ಲಿ ಟಂಗ್‌ಸ್ಟನ್ ಮತ್ತು ಮಾಲಿಬ್ಡಿನಂ ವಸ್ತುಗಳ ರಫ್ತಿನ ಮೇಲೆ ಹಿಡಿತ ಬಿಗಿ ಮಾಡಿತು. ಕಡಿಯುವ, ಕೊರೆಯುವ, ಶಾಖ ತಡೆಯುವ ವಿಶೇಷ ಉಕ್ಕುಗಳೆಲ್ಲ ಇವೆರಡನ್ನು ನಂಬಿವೆ. ಕಟ್ಟಡದ ಸರಳಿಗೆ ಬಲ ಕೊಡುವ ವನೇಡಿಯಂ ಮಾತ್ರ ನಮ್ಮ ಪಕ್ಕದಲ್ಲೇ ಒಂದಿಷ್ಟು ದೊರೆಯುತ್ತದೆ: ಬೆಳಗಾವಿಯ ಅಲ್ಯೂಮಿನಾ ಕಾರ್ಖಾನೆಯಲ್ಲಿ ಬಾಕ್ಸೈಟ್ ಸಂಸ್ಕರಿಸುವಾಗ ಅದು ಕೆಸರಿನ ರೂಪದಲ್ಲಿ ಬೇರ್ಪಡುತ್ತದೆ. ದೇಶದ ಅಗತ್ಯದ ಮುಂದೆ ಅದು ತೀರ ಸಣ್ಣದು.

ಮ್ಯಾಂಗನೀಸಿನ ದಾರಿಯೂ ನಿರಾತಂಕವೇನಲ್ಲ. 2024ರ ಮಾರ್ಚಿನಲ್ಲಿ 'ಮೇಗನ್' ಚಂಡಮಾರುತ ಆಸ್ಟ್ರೇಲಿಯಾದ ಗ್ರೂಟ್ ಐಲೆಂಡ್‌ನ ಗಣಿಗೂ ಅಲ್ಲಿನ ಹಡಗುಕಟ್ಟೆಗೂ ಅಪ್ಪಳಿಸಿತು. ಸಾಗಣೆ ಮತ್ತೆ ಶುರುವಾಗಲು 2025ರವರೆಗೆ ಕಾಯಬೇಕಾಯಿತು. ಎಲ್ಲೋ ಒಂದು ದ್ವೀಪದ ಕಟ್ಟೆ ಕುಸಿದರೆ ನಮ್ಮ ಕುಲುಮೆಗಳ ಖರ್ಚು ಏರುತ್ತದೆ ಎಂಬುದು ಆಗ ಅನುಭವಕ್ಕೆ ಬಂತು. ಗ್ಯಾಬನ್ ದೇಶದಲ್ಲಿ 2023ರ ಆಗಸ್ಟಿನಲ್ಲಿ ಸೇನೆ ಅಧಿಕಾರ ಹಿಡಿಯಿತು. 2029ರ ಜನವರಿಯಿಂದ ಕಚ್ಚಾ ಮ್ಯಾಂಗನೀಸಿನ ರಫ್ತು ನಿಲ್ಲಿಸುವುದಾಗಿ ಅಲ್ಲಿನ ಸರ್ಕಾರ 2025ರಲ್ಲಿ ಘೋಷಿಸಿದೆ. ಇದರಲ್ಲಿ ಅವರನ್ನು ದೂರಲು ನಮಗೆ ನಾಲಿಗೆಯಿಲ್ಲ. ಎಪ್ಪತ್ತು ವರ್ಷಗಳ ಹಿಂದೆ ನಾವು ಮಾಡಬೇಕಿದ್ದುದನ್ನು ಅವರು ಈಗ ಮಾಡಹೊರಟಿದ್ದಾರೆ.

ಇಷ್ಟನ್ನೂ ಕೇಳಿಸಿಕೊಂಡ ಮಾಮ, 'ಹಂಗಾದ್ರ ಜೋಯಿಡಾ ಗಣಿ ತೆಗೀಬೇಕಂದಂಗಾತು' ಎಂದರು. ಅವರ ತರ್ಕ ನೇರವಾಗಿತ್ತು. ನನಗೆ ತಕರಾರು ಇರುವುದು ಇಲ್ಲಿಯೇ.

ಜೋಯಿಡಾದ ಆ ಗುಡ್ಡಗಳು ಇರುವುದು ಕಾಳಿ ನದಿಯ ಜಲಾನಯನದಲ್ಲಿ. ದಾಂಡೇಲಿ ಅಭಯಾರಣ್ಯವೂ ಅಣಶಿ ರಾಷ್ಟ್ರೀಯ ಉದ್ಯಾನವೂ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. 2015ರಿಂದ ಅದರ ಹೆಸರು ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಈ ತಾಲ್ಲೂಕು ದೇಶಕ್ಕೆ ಕೊಟ್ಟಿರುವುದೂ ಕಡಿಮೆಯೇನಲ್ಲ. ಸೂಪಾ ಅಣೆಕಟ್ಟಿನ ಹಿನ್ನೀರಿನಲ್ಲಿ ತಾಲ್ಲೂಕು ಕೇಂದ್ರವಾಗಿದ್ದ ಸೂಪಾ ಪಟ್ಟಣವೇ ಮುಳುಗಿತು. ಗುಡ್ಡವನ್ನು ಮತ್ತೆ ತೆರೆದರೆ ಮೂರು ಮಳೆಗಾಲದ ಮಣ್ಣು ಎಲ್ಲಿಗೆ ಹೋಗುತ್ತದೆ ಎಂದು ಹೇಳಲು ತಜ್ಞರು ಬೇಕಿಲ್ಲ. ಕಾಳಿಯ ನೀರಿನ ಮೇಲೆ ನಿಂತ ವಿದ್ಯುತ್ತಿಗೂ ನಾವು ಲೆಕ್ಕ ಇಡಬೇಕಾಗುತ್ತದೆ. ಮ್ಯಾಂಗನೀಸ್ ದೂಳನ್ನು ವರ್ಷಗಟ್ಟಲೆ ಉಸಿರಾಡಿದವರ ನರಮಂಡಲ ಹಾಳಾಗುತ್ತದೆ, ನಡುಕ, ತಡವರಿಕೆ ಬರುತ್ತದೆ ಎಂಬುದು ವೈದ್ಯಶಾಸ್ತ್ರಕ್ಕೆ ಬಹು ಹಿಂದೆಯೇ ತಿಳಿದ ಸಂಗತಿ. ಇಷ್ಟೆಲ್ಲ ಕೊಟ್ಟು ನಾವು ಪಡೆಯುವುದೇನು? ಗುಡ್ಡದಲ್ಲಿ ಅಲ್ಲಲ್ಲಿ ಚದುರಿದ ಸಣ್ಣ ನಿಕ್ಷೇಪಗಳು. ವರ್ಷಕ್ಕೆ ದಶಲಕ್ಷಗಟ್ಟಲೆ ಟನ್ ತರಿಸುವ ದೇಶದ ಲೆಕ್ಕಪುಸ್ತಕದಲ್ಲಿ ಅವು ಒಂದು ಸಾಲನ್ನೂ ಬದಲಿಸಲಾರವು.

ಇದಲ್ಲದೆ, ಅದಿರು ಹೊರಗೆ ಬಂದೊಡನೆ ಅದು ದೇಶದ ಕುಲುಮೆಗೇ ಹೋಗುತ್ತದೆ ಎಂಬ ನಂಬಿಕೆ ನಮ್ಮ ಜಿಲ್ಲೆಯವರಿಗಂತೂ ಇರಬಾರದು. 2000ದ ದಶಕದಲ್ಲಿ ಬಳ್ಳಾರಿ ಕಡೆಯ ಕಬ್ಬಿಣದ ಅದಿರು ಹುಬ್ಬಳ್ಳಿ, ಯಲ್ಲಾಪುರ ದಾಟಿ ಅರಬೈಲ್ ಘಟ್ಟ ಇಳಿದು ಬೇಲೇಕೇರಿ ಬಂದರು ಸೇರುತ್ತಿದ್ದ ಲಾರಿಗಳ ಸಾಲನ್ನು ನಾವೆಲ್ಲ ನೋಡಿದ್ದೇವೆ. ಕಿರವತ್ತಿಯಲ್ಲಿ ಬಸ್ಸಿನ ಕಿಟಕಿ ಮುಚ್ಚಿದರೂ ಅಂಗಿಯ ಕಾಲರು ಕೆಂಪಾಗುತ್ತಿತ್ತು. ಆ ಅದಿರು ಹೋದದ್ದು ಹೆಚ್ಚಾಗಿ ಚೀನಾಕ್ಕೆ. ಬಂದರಿನಲ್ಲಿ ಜಪ್ತಿಯಾದ ಅದಿರು ಕಾಣೆಯಾದದ್ದು, 2010ರಲ್ಲಿ ರಾಜ್ಯ ಸರ್ಕಾರ ರಫ್ತು ನಿಷೇಧಿಸಿದ್ದು, 2011ರಲ್ಲಿ ಲೋಕಾಯುಕ್ತ ವರದಿ ಮತ್ತು ಸುಪ್ರೀಂ ಕೋರ್ಟಿನ ಗಣಿಗಾರಿಕೆ ತಡೆ, ಇವೆಲ್ಲ ಓದುಗರಿಗೆ ನೆನಪಿರುವ ವಿಷಯಗಳು. ಸ್ವಾವಲಂಬನೆಯ ಹೆಸರಿನಲ್ಲಿ ತೆರೆದ ಗಣಿ ಯಾರ ಸ್ವಾವಲಂಬನೆಗೆ ದುಡಿಯಿತು ಎಂಬ ಪ್ರಶ್ನೆಗೆ ಆ ದಶಕ ಉತ್ತರ ಹೇಳಿದೆ.

ಮಾಮ ಸುಮ್ಮನಾಗಲಿಲ್ಲ. 'ನಮ್ಮ ಕಾಡು ಉಳೀಲಿ, ಅವರ ಕಾಡು ಹೋಗಲಿ ಅಂತಿ ಹಂಗಾದ್ರ?' ಎಂದು ಕೇಳಿದರು.

ಗ್ಯಾಬನ್ ದೇಶದ ನೆಲದ ಬಹುಪಾಲು ಮಳೆಕಾಡು ಎಂಬುದು ಅವರಿಗೆ ಗೊತ್ತಿರಲಿಕ್ಕಿಲ್ಲ. ಆದರೂ ಬಾಣ ನಾಟಬೇಕಾದಲ್ಲೇ ನಾಟಿತು. ಕುದುರೆಮುಖದಲ್ಲಿ 2005ರ ಕೊನೆಗೆ ಗಣಿಗಾರಿಕೆ ನಿಂತಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಅದೇ ವರ್ಷಗಳಲ್ಲಿ ನಮ್ಮ ಮನೆಗೆ ಎಷ್ಟು ಉಕ್ಕು ಬಂತು, ಅದರ ಅದಿರು ಯಾವ ಗುಡ್ಡದ್ದು ಎಂದು ನಾನು ವಿಚಾರಿಸಿದವನಲ್ಲ. ಹತ್ತಿರದ ಕಾಡನ್ನು ಕಾಯುವ ಮಧ್ಯಮವರ್ಗದ ನಮಗೆ ದೂರದ ಕಾಡು ಕೇವಲ ಆಮದಿನ ಅಂಕಿ. ಜೋಯಿಡಾದ ಹುಡುಗನಿಗೆ ಊರಿನಲ್ಲೇ ಕೂಲಿ ಸಿಗುತ್ತಿದ್ದ ಕಾಲವನ್ನು ನೆನೆಯುವ ಮುದುಕರ ಎದುರು ಹುಲಿಯ ಮಾತನಾಡುವುದೂ ನನಗೆ ಸುಲಭವಾಗಿ ತೋರಲಿಲ್ಲ. ಜೋಯಿಡಾದ ಗಣಿ ತೆರೆಯಬಾರದು ಎಂಬ ನನ್ನ ನಿಲುವು ಬದಲಾಗಿಲ್ಲ. ಆದರೆ ಹಾಗೆನ್ನುವವನು ಹೊಸ ಲೋಹದ ಬೇಡಿಕೆಯನ್ನು ತಗ್ಗಿಸುವ ದಾರಿಯನ್ನೂ ಹೇಳಲೇಬೇಕು. ಇಲ್ಲವಾದರೆ ಅದು ಬರಿಯ ಸ್ವಂತ ಹಿತ್ತಿಲಿನ ಮೋಹ.

ದಾರಿಗಳು ಇಲ್ಲದಿಲ್ಲ. ಈಗಾಗಲೇ ಅಗೆದಿರುವ ಗಣಿಗಳ ಬದಿಯಲ್ಲಿ ಕೆಳದರ್ಜೆಯದೆಂದು ರಾಶಿ ಹಾಕಿರುವ ಅದಿರಿದೆ. ಅದನ್ನು ತೊಳೆದು, ಕಬ್ಬಿಣ ಬೇರ್ಪಡಿಸಿ ದರ್ಜೆ ಏರಿಸುವ ಕೆಲಸಕ್ಕೆ ಹೊಸ ಕಾಡು ಬೇಕಿಲ್ಲ, ಹಣ ಮತ್ತು ಸಂಶೋಧನೆ ಬೇಕು. ಇನ್ನೊಂದು ದಾರಿ ಗುಜರಿ. ಮ್ಯಾಂಗನೀಸಿನ ವಿಷಯದಲ್ಲಿ ಇದು ಅಷ್ಟಾಗಿ ನಡೆಯದು, ಏಕೆಂದರೆ ಹಳೆಯ ಉಕ್ಕನ್ನು ಮತ್ತೆ ಕರಗಿಸುವಾಗ ಅದರ ಬಹಳಷ್ಟು ಭಾಗ ಕಿಟ್ಟದೊಂದಿಗೆ ಹೊರಟುಹೋಗುತ್ತದೆ. ನಿಕ್ಕಲ್ ಮತ್ತು ಮಾಲಿಬ್ಡಿನಂ ಹಾಗಲ್ಲ. ಕರಗಿಸಿದಷ್ಟು ಸಲವೂ ಉಕ್ಕಿನಲ್ಲೇ ಉಳಿಯುತ್ತವೆ. ಈಗಲೂ ನಮ್ಮ ಸ್ಟೇನ್‌ಲೆಸ್ ಉದ್ಯಮಕ್ಕೆ ನಿಕ್ಕಲ್ಲಿನ ದೊಡ್ಡ ಪಾಲು ಬರುವುದು ಹೊರದೇಶದ ಗುಜರಿಯಿಂದ. ಊರಿನ ಗುಜರಿಯಲ್ಲಿ ಇರುವುದನ್ನು ಮಾತ್ರ ನಾವು ಕಲಸಿ ಕಳೆದುಕೊಳ್ಳುತ್ತೇವೆ. ಹುಬ್ಬಳ್ಳಿಯ ಗುಜರಿ ಅಂಗಡಿಗಳಲ್ಲಿ ಇಂದಿಗೂ ಅಯಸ್ಕಾಂತವೇ ಪರೀಕ್ಷಕ. ನಿಕ್ಕಲ್ ತುಂಬಿದ ಸ್ಟೀಲನ್ನೂ ಮ್ಯಾಂಗನೀಸ್ ತುಂಬಿದ ಸ್ಟೀಲನ್ನೂ ಅದು ಬೇರ್ಪಡಿಸಲಾರದು ಎಂದು ಆಗಲೇ ಹೇಳಿದೆ. ಎಕ್ಸ್‌ರೇ ಹಾಯಿಸಿ ಲೋಹದ ಜಾತಿ ಹೇಳುವ ಕೈಯುಪಕರಣಗಳಿವೆ, ಆದರೆ ಅವುಗಳ ಬೆಲೆ ಸಣ್ಣ ವ್ಯಾಪಾರಿಯ ಕೈಗೆಟುಕದು. 2019ರಲ್ಲಿ ಕೇಂದ್ರ ಸರ್ಕಾರ ಉಕ್ಕಿನ ಗುಜರಿ ನೀತಿಯನ್ನು ಪ್ರಕಟಿಸಿದೆ. ಪ್ರತಿ ತಾಲ್ಲೂಕು ಮಾರುಕಟ್ಟೆಗೆ ಅಂಥದೊಂದು ಉಪಕರಣವನ್ನು ಸಾರ್ವಜನಿಕ ಬಳಕೆಗೆ ಇಟ್ಟರೂ ಆ ನೀತಿಗೆ ಕಾಲು ಬಂದಂತಾಗುತ್ತದೆ.

ಮೂರನೆಯದು ದಾಸ್ತಾನು. ಅದಿರೇ ಇಲ್ಲದ ಜಪಾನ್ ಉಕ್ಕಿನಲ್ಲಿ ಮುಂದಿದ್ದುದು ಅದೃಷ್ಟದಿಂದಲ್ಲ. ನಿಕ್ಕಲ್, ಕ್ರೋಮಿಯಂ, ಟಂಗ್‌ಸ್ಟನ್, ಕೋಬಾಲ್ಟ್, ಮಾಲಿಬ್ಡಿನಂ, ಮ್ಯಾಂಗನೀಸ್, ವನೇಡಿಯಂ ಎಂಬ ಏಳು ಲೋಹಗಳನ್ನು ಕೂಡಿಡುವ ವ್ಯವಸ್ಥೆಯನ್ನು ಅದು 1983ರಲ್ಲೇ ಆರಂಭಿಸಿತು. ನಾವು ಕಚ್ಚಾ ತೈಲಕ್ಕೆ ಇದನ್ನು ಮಾಡಿದ್ದೇವೆ: ವಿಶಾಖಪಟ್ಟಣ ಮತ್ತು ನಮ್ಮ ಕರಾವಳಿಯ ಮಂಗಳೂರು, ಪಾದೂರುಗಳ ನೆಲದಡಿಯ ಗುಹೆಗಳಲ್ಲಿ 53.3 ಲಕ್ಷ ಟನ್ ತೈಲ ಕೂಡಿಡಬಹುದು. ಲೋಹಗಳ ವಿಷಯದಲ್ಲಿ 2023ರಲ್ಲಿ 30 ನಿರ್ಣಾಯಕ ಖನಿಜಗಳ ಪಟ್ಟಿ ಬಂತು, 2025ರ ಜನವರಿಯಲ್ಲಿ ಅದಕ್ಕೊಂದು ರಾಷ್ಟ್ರೀಯ ಯೋಜನೆಗೆ ಸಂಪುಟದ ಒಪ್ಪಿಗೆ ಸಿಕ್ಕಿತು. ನಿಕ್ಕಲ್, ಮಾಲಿಬ್ಡಿನಂ, ಟಂಗ್‌ಸ್ಟನ್, ವನೇಡಿಯಂಗಳೆಲ್ಲ ಆ ಪಟ್ಟಿಯಲ್ಲಿವೆ. ಮ್ಯಾಂಗನೀಸ್ ಇಲ್ಲ. ಅದಿಲ್ಲದೆ ಒಂದು ಟನ್ ಉಕ್ಕೂ ಆಗದ, ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸುವ ವಸ್ತು ನಿರ್ಣಾಯಕ ಅಲ್ಲವೆಂದರೆ ಪಟ್ಟಿಯನ್ನೇ ಇನ್ನೊಮ್ಮೆ ತೆರೆದು ನೋಡುವುದು ಒಳಿತು. 2029ಕ್ಕೆ ಗ್ಯಾಬನ್ ಬಾಗಿಲು ಹಾಕುವ ಮುನ್ನ ಕೆಲವು ತಿಂಗಳ ದಾಸ್ತಾನಾದರೂ ನಮ್ಮ ಕೈಯಲ್ಲಿರಬೇಕು.

ನಾನು ಹೊರಡುವ ಹೊತ್ತಿಗೆ ಅತ್ತೆ ಹೊಸ ಪ್ಲಾಸ್ಟಿಕ್ ಬುಟ್ಟಿಯೊಂದರಲ್ಲಿ ಮಾವಿನಕಾಯಿ ತುಂಬಿ ತಂದುಕೊಟ್ಟರು. ಬುಟ್ಟಿ ಎಲ್ಲಿಯದು ಎಂದು ಕೇಳಿದೆ. ಹಿಂದಿನ ವಾರ ಸೈಕಲ್ ಮೇಲೆ ಬಂದ ಗುಜರಿಯವನಿಗೆ ಮದುವೆಯ ಕಾಲದ ಎರಡು ಸ್ಟೀಲಿನ ಕೊಡ, ನಾಲ್ಕು ತಾಟು ಹಾಕಿ ಅಂಥ ಬುಟ್ಟಿ ಎರಡು ತೆಗೆದುಕೊಂಡರಂತೆ. ಮಾಮನಿಗೆ ಈ ಸುದ್ದಿ ಅದುವರೆಗೆ ಗೊತ್ತಿರಲಿಲ್ಲ. 'ಆ ಕೊಡ ಹಳೇ ಕಾಲದ ಛಲೋ ಸ್ಟೀಲಲೇ' ಎಂದು ಅತ್ತೆಯ ಮೇಲೆ ರೇಗಿದರು. ಆಮೇಲೆ ನನ್ನ ಕಡೆ ತಿರುಗಿ, ಅದರಲ್ಲಿ ನಿಕ್ಕಲ್ ಎಷ್ಟಿದ್ದೀತು ಎಂದು ಕೇಳಿದರು.